ಹದಿನೆಂಟು ಚಾವಡಿಗಳ ಅರಸ: ಚಿಕ್ಕದೇವರಾಜ ಒಡೆಯರು ಕಟ್ಟಿದ ಆಡಳಿತ, ತೆತ್ತ ಬೆಲೆ

ತಲಕಾಡು: ಕಾವೇರಿಯ ಎಡದಂಡೆಯ ಮರಳ ದಿಬ್ಬಗಳ ನಡುವೆ ನೆಲೆಸಿರುವ ತಲಕಾಡು ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಅಲಮೇಲಮ್ಮನ ಶಾಪ. ಮೈಸೂರು ಅರಸರಿಗೆ ಮಕ್ಕಳಾಗದಿರಲಿ, ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಎಂಬ ಆ ಶಾಪದ ಕಥೆಯನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಇಂದಿಗೂ ಹೇಳುತ್ತಾರೆ. ತಲಕಾಡಿನ ಪಶ್ಚಿಮಕ್ಕೆ, ಕಪಿಲೆಯ ದಂಡೆಯಲ್ಲಿರುವ ನಂಜನಗೂಡಿಗೂ ಮೈಸೂರು ಅರಸರಿಗೂ ಸಂಬಂಧಿಸಿದ ಮತ್ತೊಂದು ಕಥೆಯಿದೆ. ಅದು ಶಾಪದ ಕಥೆಯಲ್ಲ, ತೆರಿಗೆಯ ಕಥೆ. ಅಷ್ಟಾಗಿ ಪ್ರಚಾರ ಪಡೆಯದ ಆ ಕಥೆಯ ಕೇಂದ್ರದಲ್ಲಿರುವವರು 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು.

ಬೆಂಗಳೂರಿನ ವಿಧಾನಸೌಧದ ಎದುರಿಗಿರುವ ಕೆಂಪು ಕಟ್ಟಡವನ್ನು ಅಠಾರ ಕಚೇರಿ ಎಂದು ಕರೆಯುವುದು ನಗರವಾಸಿಗಳಿಗೆಲ್ಲ ಗೊತ್ತು. ಇಂದು ರಾಜ್ಯದ ಹೈಕೋರ್ಟ್ ಇರುವ ಈ ಕಟ್ಟಡ 1868ರಲ್ಲಿ ಪೂರ್ಣಗೊಂಡಿತು. ಅಠಾರ ಎಂದರೆ ಹದಿನೆಂಟು. ಆದರೆ ಸರ್ಕಾರದ ಕೆಲಸವನ್ನು ಹದಿನೆಂಟು ಇಲಾಖೆಗಳಾಗಿ ಹಂಚುವ ಪದ್ಧತಿ ಬ್ರಿಟಿಷರ ಕಾಲದ್ದಲ್ಲ. ಕಟ್ಟಡ ಏಳುವುದಕ್ಕೆ ಸುಮಾರು 160 ವರ್ಷಗಳ ಹಿಂದೆಯೇ ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರು ಅದನ್ನು ಜಾರಿಗೆ ತಂದಿದ್ದರು.

ಒಂದು ಸಂಸ್ಥೆಯ ಕೆಲಸ ಯಾರಿಂದ ಆರಂಭವಾಗಿ, ಯಾರ ಕೈ ದಾಟಿ, ಎಲ್ಲಿ ದಾಖಲಾಗಿ, ಯಾರ ತಪಾಸಣೆಗೆ ಒಳಪಟ್ಟು ಮುಗಿಯಬೇಕು ಎಂಬುದನ್ನು ಮೊದಲೇ ಗೊತ್ತುಪಡಿಸುವುದಕ್ಕೆ ಇಂದಿನ ಕಂಪನಿಗಳು ಬಿಸಿನೆಸ್ ಪ್ರೋಸೆಸ್ ಮ್ಯಾನೇಜ್‌ಮೆಂಟ್ ಎಂದು ಹೆಸರಿಟ್ಟಿವೆ. ಕನ್ನಡದಲ್ಲಿ ಕಾರ್ಯವಿಧಾನ ನಿರ್ವಹಣೆ ಎನ್ನಬಹುದು. ಹೆಸರು ಹೊಸದಾದರೂ ವಿಷಯ ಹಳೆಯದು. ವ್ಯವಸ್ಥೆ ಎಷ್ಟು ಬಲ ತರಬಲ್ಲದು, ಕೆಳಗಿನವರ ಮಾತು ಕೇಳಿಸದ ವ್ಯವಸ್ಥೆ ಎಂಥ ಅನಾಹುತಕ್ಕೆ ದಾರಿಯಾಗಬಲ್ಲದು ಎಂಬ ಎರಡೂ ಪಾಠಗಳು ಈ ಅರಸರ ಜೀವನದಲ್ಲಿವೆ.

ಹಂಗಳದ ದಿನಗಳು

ಚಿಕ್ಕದೇವರಾಜರು ಜನಿಸಿದ್ದು 1645ರಲ್ಲಿ. 1659ರಲ್ಲಿ ಮೈಸೂರಿನ ಪಟ್ಟ ದೊಡ್ಡದೇವರಾಜ ಒಡೆಯರಿಗೆ ಸಂದಾಗ ಅವರಿನ್ನೂ ಹದಿನಾಲ್ಕರ ಹರೆಯದವರು. ಮುಂದೆ ಅಧಿಕಾರಕ್ಕೆ ಹಕ್ಕುದಾರನಾಗಬಲ್ಲ ಈ ರಾಜಕುಮಾರನನ್ನು ರಾಜಧಾನಿಯಿಂದ ದೂರವಿರಿಸಲಾಯಿತು. ಗುಂಡ್ಲುಪೇಟೆಯ ದಕ್ಷಿಣಕ್ಕಿರುವ, ಇಂದಿನ ಚಾಮರಾಜನಗರ ಜಿಲ್ಲೆಯ ಹಂಗಳದಲ್ಲಿ ಅವರ ಯೌವನ ಕಳೆಯಿತು. ಕಾಡಂಚಿನ ಆ ಊರಿನಲ್ಲಿ ಸೈನ್ಯವಿರಲಿಲ್ಲ, ದರ್ಬಾರು ಇರಲಿಲ್ಲ. ಇದ್ದದ್ದು ಕಾಲಾವಕಾಶ ಮತ್ತು ಒಬ್ಬ ಒಡನಾಡಿ.

ಆ ಒಡನಾಡಿಯೇ ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. ಯಳಂದೂರು ತಲಕಾಡಿನ ನೇರ ದಕ್ಷಿಣಕ್ಕೆ, ಕಾವೇರಿಯ ಆಚೆಗಿದೆ. ರಾಜಕುಮಾರನಿಗೆ ಪಟ್ಟ ದೊರೆತರೆ ತನ್ನನ್ನು ಮಂತ್ರಿಯನ್ನಾಗಿ ಮಾಡಿಕೊಳ್ಳಬೇಕು ಎಂಬ ಮಾತನ್ನು ಪಂಡಿತನು ಹಂಗಳದಲ್ಲಿಯೇ ಪಡೆದಿದ್ದನೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ವಿಲ್ಕ್ಸ್, ಹಳೆಯ ಕಡತಗಳನ್ನೂ ಹಿರಿಯರ ನೆನಪುಗಳನ್ನೂ ಕಲೆಹಾಕಿ ದಕ್ಷಿಣ ಭಾರತದ ಇತಿಹಾಸ ಬರೆದವರು. ಅದರ ಮೊದಲ ಸಂಪುಟ ಪ್ರಕಟವಾದದ್ದು 1810ರಲ್ಲಿ.

1673ರಲ್ಲಿ ದೊಡ್ಡದೇವರಾಜರು ತೀರಿಕೊಂಡರು. ಇಪ್ಪತ್ತೆಂಟರ ಸಮೀಪದಲ್ಲಿದ್ದ ಚಿಕ್ಕದೇವರಾಜರು ಶ್ರೀರಂಗಪಟ್ಟಣದ ಸಿಂಹಾಸನವೇರಿದರು. ಕೊಟ್ಟ ಮಾತಿನಂತೆ ವಿಶಾಲಾಕ್ಷ ಪಂಡಿತನು ಮಂತ್ರಿಯಾದನು. ಹಂಗಳದ ವರ್ಷಗಳನ್ನು ಅರಸರು ಮರೆಯಲಿಲ್ಲ. ಗುಂಡ್ಲುಪೇಟೆಯಲ್ಲಿ ತಂದೆಯ ನೆನಪಿಗಾಗಿ ಅವರು ಕಟ್ಟಿಸಿದ ಪರವಾಸುದೇವ ದೇವಾಲಯ ಅದಕ್ಕೆ ಸಾಕ್ಷಿ.

ಖಜಾನೆಯ ಶಿಸ್ತು

ಚಿಕ್ಕದೇವರಾಜರಿಗೆ ದಕ್ಕಿದ್ದು ಬೆಳೆಯುತ್ತಿದ್ದ, ಆದರೆ ಸುತ್ತಲೂ ಪ್ರಬಲ ಶತ್ರುಗಳಿದ್ದ ರಾಜ್ಯ. ವಿಜಯನಗರದ ನೆರಳು ಸರಿದುಹೋಗಿತ್ತು. ಬಿಜಾಪುರ ಕುಸಿಯುತ್ತಿತ್ತು. ಮರಾಠರು ತಂಜಾವೂರಿನವರೆಗೂ ಬಂದಿದ್ದರು. ಅವರ ಹಿಂದೆಯೇ ಔರಂಗಜೇಬನ ಮೊಗಲ್ ಸೈನ್ಯ ದಕ್ಷಿಣಕ್ಕೆ ಇಳಿಯುತ್ತಿತ್ತು. ಇಂಥ ಕಾಲದಲ್ಲಿ ರಾಜ್ಯ ಉಳಿಯಬೇಕಾದರೆ ಸೈನ್ಯ ಬೇಕು. ಸೈನ್ಯಕ್ಕೆ ತಿಂಗಳು ತಿಂಗಳೂ ಸಂಬಳ ಬೇಕು. ಸಂಬಳಕ್ಕೆ ತಪ್ಪದೆ ಬರುವ ಆದಾಯ ಬೇಕು.

ಆದಾಯದ ದಾರಿಯಲ್ಲಿ ಸೋರಿಕೆಗಳು ಬಹಳವಿದ್ದವು. ಗ್ರಾಮದ ಶಾನುಭೋಗನ ಲೆಕ್ಕಕ್ಕೂ ರಾಜಧಾನಿಯ ಲೆಕ್ಕಕ್ಕೂ ತಾಳೆಯಾಗಬೇಕಿತ್ತು. ಅಳತೆಯ ಕೊಳಗ ಊರಿಂದೂರಿಗೆ ಬೇರೆಯಾದರೆ ಧಾನ್ಯದ ಲೆಕ್ಕ ತಪ್ಪುತ್ತಿತ್ತು. ಅರಸರು ಮೊದಲು ಕೈಹಾಕಿದ್ದು ಇಂಥ ಸಾಮಾನ್ಯವಾಗಿ ಕಾಣುವ ಸಂಗತಿಗಳಿಗೆ. ಅಳತೆ ಮತ್ತು ತೂಕಗಳನ್ನು ಏಕರೂಪಗೊಳಿಸಲಾಯಿತು. ರಾಜ್ಯವನ್ನು 84 ಗಡಿಗಳಾಗಿ ವಿಂಗಡಿಸಿ, ಪ್ರತಿ ಗಡಿಗೂ ಅಧಿಕಾರಿಯನ್ನೂ ಲೆಕ್ಕಿಗರನ್ನೂ ನೇಮಿಸಲಾಯಿತೆಂದು ಅರಮನೆಯ ವಂಶಾವಳಿ ಹೇಳುತ್ತದೆ.

ಅರಸರ ವೈಯಕ್ತಿಕ ಶಿಸ್ತಿನ ಬಗ್ಗೆಯೂ ಪ್ರತೀತಿಯೊಂದಿದೆ. ಪ್ರತಿದಿನ ತಲಾ ಸಾವಿರ ವರಹಗಳ ಎರಡು ಚೀಲಗಳು ಉಳಿತಾಯವಾಗಿ ಖಜಾನೆ ಸೇರಿದ ಮೇಲೆಯೇ ಅವರು ಊಟಕ್ಕೆ ಏಳುತ್ತಿದ್ದರಂತೆ. ಜನ ಅವರನ್ನು ‘ನವಕೋಟಿ ನಾರಾಯಣ’ ಎಂದು ಕರೆದದ್ದು ಈ ಕಾರಣಕ್ಕೆ. ಅದೇ ಕಾಲದಲ್ಲಿ ಫ್ರಾನ್ಸ್‌ನಲ್ಲಿ ಹದಿನಾಲ್ಕನೆಯ ಲೂಯಿಯ ಹಣಕಾಸು ಮಂತ್ರಿ ಕೋಲ್ಬೇರ್ ರಾಜ್ಯದ ಲೆಕ್ಕಪತ್ರಗಳನ್ನು ಕ್ರಮಕ್ಕೆ ತರುತ್ತಿದ್ದನು. ಯುದ್ಧದ ಖರ್ಚು ಲೆಕ್ಕದ ಶಿಸ್ತನ್ನು ಬೇಡುವುದು ಎಲ್ಲ ದೇಶಗಳಲ್ಲಿಯೂ ಕಂಡುಬಂದ ಸಂಗತಿ.

ಅಂದಿನ ಲೆಕ್ಕ ಬರೆಯುತ್ತಿದ್ದುದು ‘ಕಡತ’ದಲ್ಲಿ. ಉದ್ದನೆಯ ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ ಹಚ್ಚಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧ. ಅದರ ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ವರ್ಷಗಟ್ಟಲೆ ಬಾಳುತ್ತಿದ್ದ ಈ ಕಡತದ ವಿಶೇಷವೆಂದರೆ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಅನುಕೂಲವೂ ಅದೇ, ಅಪಾಯವೂ ಅದೇ. ಒಬ್ಬನ ಕೈಯಲ್ಲಿ ಮಾತ್ರ ಲೆಕ್ಕವಿದ್ದರೆ ಅದನ್ನು ತಿದ್ದುವುದು ಸುಲಭ. ಮುಂದೆ ಅರಸರು ಒಂದೇ ಇಲಾಖೆಯಲ್ಲಿ ಹಲವು ದಫ್ತರುಗಳನ್ನು ಇರಿಸಿದ ಕ್ರಮದ ಮಹತ್ವ ಇದರಿಂದ ಅರ್ಥವಾಗುತ್ತದೆ. ಸರ್ಕಾರಿ ಕಚೇರಿಗಳಲ್ಲಿ ಫೈಲಿಗೆ ಕಡತ ಎಂಬ ಹೆಸರು ಇಂದಿಗೂ ಉಳಿದಿದೆ.

ನೇಗಿಲು ಮರವೇರಿದಾಗ

ಧರ್ಮಶಾಸ್ತ್ರದ ಪ್ರಕಾರ ಬೆಳೆಯ ಆರನೆಯ ಒಂದು ಭಾಗ ಅರಸನ ಪಾಲು. ಅದನ್ನು ಹೆಚ್ಚಿಸಿದರೆ ಅಧರ್ಮವೆಂಬ ಅಪವಾದ ಬರುತ್ತದೆ. ಹೆಚ್ಚಿಸದಿದ್ದರೆ ಖರ್ಚು ನಿಭಾಯಿಸಲಾಗದು. ವಿಲ್ಕ್ಸ್ ಹೇಳುವಂತೆ ಈ ಇಕ್ಕಟ್ಟಿಗೆ ಅರಸರು ಮತ್ತು ಮಂತ್ರಿ ಕಂಡುಕೊಂಡ ಉಪಾಯವೆಂದರೆ, ಕಂದಾಯದ ಪ್ರಮಾಣವನ್ನು ಮುಟ್ಟದೆ ಬೇರೆ ಬೇರೆ ಹೆಸರಿನ ಸಣ್ಣ ತೆರಿಗೆಗಳನ್ನು ಹೇರುವುದು. ಮನೆ ನಿಂತ ನೆಲಕ್ಕೆ, ಹುಲ್ಲಿಗೆ, ಮದುವೆಗೆ ಹೀಗೆ ಒಂದೊಂದಕ್ಕೂ ಒಂದೊಂದು ತೆರಿಗೆ ಹುಟ್ಟಿತು. ಕಾಗದದ ಮೇಲೆ ಆರನೆಯ ಒಂದು ಭಾಗ ಹಾಗೆಯೇ ಉಳಿಯಿತು. ರೈತನ ಕಣಜದಲ್ಲಿ ಮಾತ್ರ ಉಳಿಯುವುದು ಕಡಿಮೆಯಾಯಿತು.

ವಸೂಲಿಯ ವಿಧಾನ ಚುರುಕಾದಷ್ಟೂ ಹೊರೆ ಹೆಚ್ಚು ತೀಕ್ಷ್ಣವಾಗಿ ಕೆಳಗಿನವರನ್ನು ತಾಗಿತು. ಹಿಂದೆ ಲೆಕ್ಕದ ಸಡಿಲಿನಲ್ಲಿ ರೈತನಿಗೆ ಸಿಗುತ್ತಿದ್ದ ಉಸಿರಾಟದ ಎಡೆ ಮುಚ್ಚಿಹೋಯಿತು. ಬರ ಬಂದರೂ, ಬೆಳೆ ಕೈಕೊಟ್ಟರೂ ತೆರಿಗೆ ಕೇಳುವವನು ಗೊತ್ತಾದ ದಿನಕ್ಕೆ ಬಾಗಿಲಿಗೆ ಬರುತ್ತಿದ್ದನು. ತನ್ನ ಕಷ್ಟ ಹೇಳಿಕೊಳ್ಳಲು ರೈತನು ಹೋಗಬೇಕಾದ ಜಾಗ ಯಾವುದೆಂಬುದು ಮಾತ್ರ ಸ್ಪಷ್ಟವಿರಲಿಲ್ಲ.

ರೈತರು ದಂಗೆಯೆದ್ದರು. ಹೊಲಗಳನ್ನು ಉಳದೆ ಬೀಳುಬಿಟ್ಟರು. ಊರಬಾಗಿಲಿನ ಮರಗಳಿಗೆ ನೇಗಿಲುಗಳನ್ನು ತಲೆಕೆಳಗಾಗಿ ನೇತುಹಾಕಿ, ಉಳುವುದಿಲ್ಲವೆಂಬ ತಮ್ಮ ನಿರ್ಧಾರವನ್ನು ಸಾರಿದರೆಂದು ವಿಲ್ಕ್ಸ್ ವಿವರಿಸಿದ್ದಾರೆ. ಈ ಪ್ರತಿಭಟನೆಗೆ ಬೆನ್ನೆಲುಬಾಗಿ ನಿಂತವರು ವೀರಶೈವ ಜಂಗಮರು. ಊರೂರುಗಳ ಮಠಗಳ ಮೂಲಕ ಹಬ್ಬಿದ್ದ ಅವರ ಸಂಪರ್ಕಜಾಲ ಸರ್ಕಾರದ ಯಾವ ಇಲಾಖೆಗೂ ಕಡಿಮೆಯಿರಲಿಲ್ಲ.

ಮುಂದೆ ನಡೆಯಿತೆನ್ನಲಾದ ಘಟನೆ ಮೈಸೂರು ಇತಿಹಾಸದ ಕರಾಳ ಅಧ್ಯಾಯಗಳಲ್ಲೊಂದು. ಮಾತುಕತೆಗೆಂದು ಜಂಗಮರನ್ನು ನಂಜನಗೂಡಿನ ದೇವಾಲಯದ ಬಳಿಗೆ ಕರೆಸಿ, ಗೌರವ ಸ್ವೀಕರಿಸಲು ಒಬ್ಬೊಬ್ಬರಾಗಿ ಒಳಗೆ ಬರಮಾಡಿಕೊಂಡು, ನಾಲ್ಕುನೂರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಲಾಯಿತೆಂದು ವಿಲ್ಕ್ಸ್ ಬರೆದಿದ್ದಾರೆ. ಅದರ ಬೆನ್ನಿಗೇ ಸೈನಿಕರನ್ನು ಕಳುಹಿಸಿ ದಂಗೆಯನ್ನು ಅಡಗಿಸಲಾಯಿತು ಎನ್ನುತ್ತಾರೆ ಅವರು. 1838ರಲ್ಲಿ ದೇವಚಂದ್ರ ರಚಿಸಿದ ‘ರಾಜಾವಳಿ ಕಥೆ’ಯಲ್ಲಿಯೂ ಜಂಗಮರ ಹತ್ಯೆಯ ಪ್ರಸ್ತಾಪವಿದೆ. ಮೈಸೂರಿನ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದ ಸಿ. ಹಯವದನ ರಾವ್ ಅವರು, ಸಮಕಾಲೀನ ಆಧಾರಗಳ ಬೆಂಬಲವಿಲ್ಲವೆಂಬ ಕಾರಣಕ್ಕೆ ಹತ್ಯಾಕಾಂಡದ ವೃತ್ತಾಂತವನ್ನು ಒಪ್ಪಲಿಲ್ಲ. ಎರಡು ಶತಮಾನಗಳಿಂದ ನಡೆದಿರುವ ಈ ಚರ್ಚೆಯಲ್ಲಿ ವಿವಾದವಿರುವುದು ಹತ್ಯೆಯ ಬಗ್ಗೆ. ತೆರಿಗೆಯ ಭಾರ ಮತ್ತು ಅದರ ವಿರುದ್ಧ ಸಿಡಿದ ಅಸಮಾಧಾನದ ಬಗ್ಗೆ ಅಲ್ಲ.

ಈ ಅಸಮಾಧಾನದ ಕಾವು ಮಂತ್ರಿಯನ್ನೂ ತಟ್ಟಿತು. 1686ರಲ್ಲಿ ವಿಶಾಲಾಕ್ಷ ಪಂಡಿತನು ಕೊಲೆಯಾದನು. ಅರಮನೆಯಿಂದ ರಾತ್ರಿ ಮನೆಗೆ ಮರಳುವಾಗ ಆತನ ಮೇಲೆ ದಾಳಿ ನಡೆಯಿತೆಂದೂ, ಸಾಯುವ ಮುನ್ನ ತನ್ನ ಸ್ಥಾನಕ್ಕೆ ತಿರುಮಲಾರ್ಯನ ಹೆಸರನ್ನು ಸೂಚಿಸಿದನೆಂದೂ ಹೇಳಲಾಗುತ್ತದೆ. ಜೈನನಾದ ಪಂಡಿತನು ಶ್ರೀವೈಷ್ಣವನಾದ ತಿರುಮಲಾರ್ಯನನ್ನು ಸೂಚಿಸಿದ್ದು ಅವರ ನಡುವಿನ ಮತಭೇದಕ್ಕಿಂತ ರಾಜ್ಯದ ಕೆಲಸ ಮುಖ್ಯವೆಂಬ ಕಾರಣಕ್ಕಿರಬೇಕು. ಅರಸರ ಬಾಲ್ಯದ ಒಡನಾಡಿಯೂ ಕವಿಯೂ ಆಗಿದ್ದ ತಿರುಮಲಾರ್ಯನು ಪ್ರಧಾನಿಯಾದನು.

ಬೆಂಗಳೂರಿನ ಖರೀದಿ, ಔರಂಗಜೇಬನ ಬಳಿಗೆ ನಿಯೋಗ

ಮರುವರ್ಷವೇ, ಅಂದರೆ 1687ರಲ್ಲಿ, ಮೈಸೂರಿನ ಇತಿಹಾಸದ ದೊಡ್ಡ ವ್ಯವಹಾರವೊಂದು ನಡೆಯಿತು. ಮರಾಠ ದೊರೆ ಏಕೋಜಿಯ ಕೈಯಲ್ಲಿದ್ದ ಬೆಂಗಳೂರನ್ನು ಮೊಗಲ್ ಸೇನಾನಿ ಖಾಸಿಂಖಾನ್ ವಶಪಡಿಸಿಕೊಂಡಿದ್ದನು. ಚಿಕ್ಕದೇವರಾಜರು ಮೂರು ಲಕ್ಷ ರೂಪಾಯಿ ನೀಡಿ ಪಟ್ಟಣವನ್ನು ಪಡೆದರು. ಯುದ್ಧದಿಂದ ಗೆಲ್ಲುವುದಕ್ಕಿಂತ ಹಣಕೊಟ್ಟು ಕೊಳ್ಳುವುದು ಸುಲಭವಾದದ್ದು ಖಜಾನೆ ತುಂಬಿದ್ದ ಕಾರಣದಿಂದ. ಬೆಂಗಳೂರು ಕೋಟೆಯ ವೆಂಕಟರಮಣ ದೇವಾಲಯ ಈ ಅರಸರ ಕಾಲದ ಕೊಡುಗೆ. ಇಂದು ಆ ನಗರದಲ್ಲಿ ಕುಳಿತು ಸುದ್ದಿ ಓದುವವರು ನೆನೆಯಬೇಕಾದ ಮಾತೊಂದಿದೆ. ಅಂದು ಪಾವತಿಯಾದ ಹಣದಲ್ಲಿ ಕಾವೇರಿ, ಕಪಿಲೆಗಳ ದಂಡೆಯ ರೈತರ ಪಾಲೂ ಇತ್ತು.

ಬೆಂಗಳೂರಿನ ವ್ಯವಹಾರದ ಮೂಲಕ ಮೊಗಲರೊಡನೆ ಬೆಳೆದ ನಂಟನ್ನು ಅರಸರು ಉಳಿಸಿಕೊಂಡರು. 1699ರಲ್ಲಿ ಔರಂಗಜೇಬನ ಬಳಿಗೆ ಮೈಸೂರಿನಿಂದ ನಿಯೋಗವೊಂದು ತೆರಳಿ, 1700ರಲ್ಲಿ ಹಿಂದಿರುಗಿತು. ಬಾದಶಹನು ಮುದ್ರೆಯನ್ನೂ, ದಂತಸಿಂಹಾಸನದಲ್ಲಿ ಕುಳಿತು ದರ್ಬಾರು ನಡೆಸುವ ಮಾನ್ಯತೆಯನ್ನೂ ನೀಡಿದನೆಂದು ವಿಲ್ಕ್ಸ್ ಬರೆಯುತ್ತಾರೆ. ನಿಯೋಗ ಹೊತ್ತು ತಂದ ವಸ್ತುಗಳಲ್ಲಿ ಆಡಳಿತದ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳದ್ದು ಮುದ್ರೆಯಲ್ಲ. ಮೊಗಲ್ ಆಡಳಿತದಲ್ಲಿ ಕೆಲಸಗಳನ್ನು ಇಲಾಖೆಗಳಾಗಿ ಹಂಚಿದ್ದ ಕ್ರಮವನ್ನು ಅವರು ಕಂಡು ಬಂದಿದ್ದರು. ಅದರ ಆಧಾರದ ಮೇಲೆ, ಮೈಸೂರಿನ ಅಗತ್ಯಕ್ಕೆ ತಕ್ಕಂತೆ ಹದಿನೆಂಟು ಚಾವಡಿಗಳು ರೂಪುಗೊಂಡವು.

ಬೇರೆಯವರ ವ್ಯವಸ್ಥೆಯನ್ನು ಅಳವಡಿಸಿಕೊಳ್ಳುವಾಗ ಹಾಗೆಯೇ ಎತ್ತಿ ತಂದರೆ ಅದು ನಿಲ್ಲುವುದಿಲ್ಲ. ಚಿಕ್ಕದೇವರಾಜರು ಸಂಖ್ಯೆ ಮತ್ತು ಚೌಕಟ್ಟನ್ನು ತಂದರು. ಒಳಗಿನ ಹೂರಣ ಮೈಸೂರಿನದೇ ಆಗಿತ್ತು. ಹೆಸರುಗಳೂ ಬಹುಪಾಲು ಕನ್ನಡದವು.

ಹದಿನೆಂಟು ಚಾವಡಿಗಳು

ವಿಲ್ಕ್ಸ್ ಕೊಡುವ ಪಟ್ಟಿಯ ಪ್ರಕಾರ ಮೊದಲನೆಯದು ನಿರೂಪದ ಚಾವಡಿ. ಬಂದ ಅರ್ಜಿ ಅಹವಾಲುಗಳನ್ನು ಬರೆದಿಟ್ಟುಕೊಳ್ಳುವುದು, ಪತ್ರ ಬರೆಯುವುದು, ಆಜ್ಞೆಗಳನ್ನು ಹೊರಡಿಸುವುದು ಇದರ ಹೊಣೆ. ಎರಡನೆಯದು ಆಯಕಟ್ಟಿನ ಚಾವಡಿ. ರಾಜ್ಯದ ಒಟ್ಟು ಆದಾಯ, ಖಜಾನೆ, ಸೈನ್ಯದ ವೆಚ್ಚ, ಇತರ ಖರ್ಚುಗಳೆಲ್ಲದರ ಲೆಕ್ಕ ಇಲ್ಲಿ ಸೇರುತ್ತಿತ್ತು.

ಮೂರು ಮತ್ತು ನಾಲ್ಕನೆಯವು ಕಂದಾಯದ ವಿಚಾರ ನೋಡಿಕೊಳ್ಳುವ ಚಾವಡಿಗಳು. ಕಾವೇರಿಯನ್ನೇ ಗಡಿಯಾಗಿ ಇಟ್ಟುಕೊಂಡು ನದಿಯ ದಕ್ಷಿಣದ ಸೀಮೆಯನ್ನು ಮೈಸೂರು ಹೋಬಳಿಗೂ, ಉತ್ತರದ ಸೀಮೆಯನ್ನು ಪಟ್ಟಣ ಹೋಬಳಿಗೂ ಒಪ್ಪಿಸಲಾಗಿತ್ತು. ಈ ರೇಖೆಯಂತೆ ನೋಡಿದರೆ ನದಿಯ ದಕ್ಷಿಣದ ನಂಜನಗೂಡು ಒಂದು ಕಚೇರಿಗೂ, ಎಡದಂಡೆಯ ತಲಕಾಡು ಮತ್ತೊಂದು ಕಚೇರಿಗೂ ಸೇರುತ್ತವೆ. ಒಂದೊಂದು ಚಾವಡಿಗೂ ಒಬ್ಬ ಮುಖ್ಯಾಧಿಕಾರಿ ಮತ್ತು ಅವನ ಕೆಳಗೆ ಮೂರು ದಫ್ತರುಗಳು. ಒಬ್ಬನ ಲೆಕ್ಕ ಮತ್ತೊಬ್ಬನ ಲೆಕ್ಕಕ್ಕೆ ಒರೆಗಲ್ಲು.

ಐದು ಮತ್ತು ಆರನೆಯವು ಕಂದಾಚಾರದ ಚಾವಡಿಗಳು. ಸೀಮೆಯ ದಂಡಿನ ಲೆಕ್ಕ ಒಂದಕ್ಕೆ, ರಾಜಧಾನಿಯ ಬಾಗಿಲು ಕಾಯುವ ದಂಡಿನ ಲೆಕ್ಕ ಇನ್ನೊಂದಕ್ಕೆ. ಏಳರಿಂದ ಒಂಬತ್ತನೆಯವರೆಗಿನ ಸುಂಕ, ಪೊಮ್ಮು ಮತ್ತು ತೊಡೆಯ ಎಂಬ ಮೂರು ಚಾವಡಿಗಳು ಸರಕಿನ ಮೇಲಿನ ಸುಂಕವನ್ನೂ ರಾಜಧಾನಿಯಲ್ಲಿ ವಿಧಿಸುತ್ತಿದ್ದ ಹೆಚ್ಚುವರಿ ಸುಂಕಗಳನ್ನೂ ನೋಡಿಕೊಳ್ಳುತ್ತಿದ್ದವು. ಹತ್ತು ಮತ್ತು ಹನ್ನೊಂದನೆಯವು ನಾಲೆಗಳ ಕೆಳಗಿನ ಅಷ್ಟಗ್ರಾಮಗಳಿಗೆ ಮೀಸಲು. ನೀರಾವರಿ ಜಮೀನಿನ ಆದಾಯ ಮಳೆಯಾಶ್ರಿತ ಜಮೀನಿನದಕ್ಕಿಂತ ಭಿನ್ನವಾದ್ದರಿಂದ ಅದಕ್ಕೆ ಪ್ರತ್ಯೇಕ ಕಚೇರಿ ಅಗತ್ಯವಾಗಿತ್ತು. ಶ್ರೀರಂಗಪಟ್ಟಣ ಸೀಮೆಯ ಚಿಕ್ಕದೇವರಾಜ ಸಾಗರ ನಾಲೆ ಇಂದಿಗೂ ಈ ಅರಸರ ಹೆಸರಿನಲ್ಲಿಯೇ ಹರಿಯುತ್ತಿದೆ.

ಹನ್ನೆರಡನೆಯದಾದ ಬೆಣ್ಣೆ ಚಾವಡಿ ಹೆಸರು ಕೇಳಿದರೆ ಅಡುಗೆಮನೆಯ ಇಲಾಖೆಯೆನಿಸಬಹುದು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದರ ಜೊತೆಗೆ ದನಗಳ ತಳಿ ಕಾಪಾಡುವುದೂ ಇದರ ಕೆಲಸ. ಟಿಪ್ಪುವಿನ ಕಾಲದಲ್ಲಿ ಇದೇ ಇಲಾಖೆ ಅಮೃತಮಹಲ್ ಎಂಬ ಹೆಸರು ಪಡೆಯಿತು. ಯುದ್ಧದ ಫಿರಂಗಿಗಳನ್ನು ಎಳೆದು ಹೆಸರಾದ ಅಮೃತಮಹಲ್ ದನಗಳ ಮೂಲ ಇಲ್ಲಿದೆ.

ಹದಿಮೂರನೆಯ ಪಟ್ಟಣದ ಚಾವಡಿ ರಾಜಧಾನಿಯ ಕೋಟೆಯ ದುರಸ್ತಿ ಮತ್ತು ಪಟ್ಟಣದ ಕಾವಲಿಗೆ. ಹದಿನಾಲ್ಕನೆಯದು ಬೇಹಿನ ಚಾವಡಿ. ಪತ್ರಗಳನ್ನು ಸಾಗಿಸುವ ಅಂಚೆ ಮತ್ತು ಗುಟ್ಟಿನ ಸುದ್ದಿ ತರುವ ಬೇಹುಗಾರಿಕೆ ಎರಡೂ ಒಂದೇ ಚಾವಣಿಯ ಕೆಳಗೆ. ಗಡಿಯ ಅಧಿಕಾರಿ ಬರೆದ ವರದಿ ಯಾವ ಅಂಚೆಯಲ್ಲಿ ಬರುತ್ತಿತ್ತೋ, ಆ ಅಧಿಕಾರಿಯ ನಡತೆಯ ವರದಿಯೂ ಅದೇ ಅಂಚೆಯಲ್ಲಿ ಬರುತ್ತಿತ್ತು. ಹದಿನೈದನೆಯ ಸಮ್ಮುಖದ ಚಾವಡಿ ಅರಮನೆಯ ಸಿಬ್ಬಂದಿಗೆ, ಹದಿನಾರನೆಯದು ದೇವಸ್ಥಾನಗಳಿಗೆ, ಹದಿನೇಳನೆಯದು ಕಬ್ಬಿಣಕ್ಕೆ, ಹದಿನೆಂಟನೆಯದು ಹೊಗೆಸೊಪ್ಪಿಗೆ.

ಈ ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಮೂರು ಅಂಶಗಳು ಎದ್ದು ಕಾಣುತ್ತವೆ. ಮೊದಲನೆಯದಾಗಿ, ಹಣ ವಸೂಲಿ ಮಾಡುವವರು ಬೇರೆ, ಒಟ್ಟು ಲೆಕ್ಕ ಇಡುವವರು ಬೇರೆ. ಎರಡನೆಯದಾಗಿ, ಯಾವ ಕೆಲಸ ಯಾರದ್ದು ಎಂಬ ಗೊಂದಲಕ್ಕೆ ಎಡೆಯಿಲ್ಲ. ಕಬ್ಬಿಣದ ತಕರಾರು ಕಬ್ಬಿಣದ ಚಾವಡಿಗೆ, ದೇವಸ್ಥಾನದ್ದು ದೇವಸ್ಥಾನದ ಚಾವಡಿಗೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅಹವಾಲುಗಳನ್ನು ದಾಖಲಿಸುವ ಕೆಲಸ ಪಟ್ಟಿಯ ಮೊದಲ ಚಾವಡಿಗೇ ಸೇರಿದೆ. ನೇಗಿಲುಗಳು ಮರವೇರಿದ ಕಾಲಕ್ಕೂ ಈ ಚಾವಡಿಗಳ ಸ್ಥಾಪನೆಗೂ ನಡುವೆ ಹದಿನೈದು ವರ್ಷಗಳಷ್ಟು ಅಂತರವಿದೆ. ಆಳ್ವಿಕೆಯ ಮೊದಲರ್ಧದಲ್ಲಿ ವಸೂಲಿಗೆ ಸಿಕ್ಕಿದ್ದ ಕ್ರಮಬದ್ಧತೆ, ಕೊನೆಯ ವರ್ಷಗಳಲ್ಲಿಯಾದರೂ ಅಹವಾಲಿಗೂ ಸಿಕ್ಕಿತು.

ಸಾಹಿತ್ಯದ ಅರಮನೆ

ಲೆಕ್ಕಪತ್ರಗಳ ಅರಸರೆಂದು ಮಾತ್ರ ಚಿಕ್ಕದೇವರಾಜರನ್ನು ಚಿತ್ರಿಸಿದರೆ ಅನ್ಯಾಯವಾದೀತು. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಅವರ ಆಸ್ಥಾನಕ್ಕೆ ವಿಶಿಷ್ಟ ಸ್ಥಾನವಿದೆ. ಪ್ರಧಾನಿ ತಿರುಮಲಾರ್ಯನು ‘ಚಿಕದೇವರಾಜ ವಿಜಯಂ’, ‘ಅಪ್ರತಿಮವೀರ ಚರಿತೆ’ ಮೊದಲಾದ ಕೃತಿಗಳ ಕರ್ತೃ. ಆತನ ತಮ್ಮ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ ಕನ್ನಡದಲ್ಲಿ ದೊರೆತಿರುವ ಮೊದಲ ನಾಟಕವೆಂದು ಹೆಸರಾಗಿದೆ. ಮತ್ತೊಬ್ಬ ಮಂತ್ರಿ ಚಿಕುಪಾಧ್ಯಾಯನು ಹತ್ತಾರು ಗ್ರಂಥಗಳನ್ನು ರಚಿಸಿದನು. ಅರಸರ ಹೆಸರಿನಲ್ಲಿಯೇ ‘ಚಿಕದೇವರಾಜ ಬಿನ್ನಪಂ’ ಮತ್ತು ‘ಗೀತಗೋಪಾಲ’ ಕೃತಿಗಳಿವೆ.

ಇವರೆಲ್ಲರ ನಡುವೆ ನಾಡು ಹೆಚ್ಚು ನೆನೆಯುವುದು ಸಂಚಿಯ ಹೊನ್ನಮ್ಮನನ್ನು. ಯಳಂದೂರಿನಿಂದ ಬಂದು ಅರಮನೆಯಲ್ಲಿ ರಾಣಿಯ ಎಲೆಯಡಿಕೆ ಸಂಚಿ ಹಿಡಿಯುತ್ತಿದ್ದ ಈಕೆ ‘ಹದಿಬದೆಯ ಧರ್ಮ’ದ ಕವಯಿತ್ರಿ. ಊಳಿಗದ ಹೆಣ್ಣುಮಗಳ ಪ್ರತಿಭೆಯನ್ನು ಗುರುತಿಸಿ ಕಾವ್ಯ ಬರೆಯಿಸಿದ ಅರಮನೆ ಅದು. ಸಂಚಿ ಹಿಡಿದವಳ ದನಿಗೆ ಅಲ್ಲಿ ಜಾಗವಿತ್ತು. ನೇಗಿಲು ಹಿಡಿದವರ ದನಿಗೆ ಜಾಗ ಸಿಗಲು ಮಾತ್ರ ತಡವಾಯಿತು.

ಅರಸರಿಲ್ಲದ ಮೇಲೆ

1704ರ ನವೆಂಬರ್‌ನಲ್ಲಿ ಚಿಕ್ಕದೇವರಾಜ ಒಡೆಯರು ಕಾಲವಾದರು. ಮೂವತ್ತೊಂದು ವರ್ಷಗಳ ಆಳ್ವಿಕೆಯಲ್ಲಿ ರಾಜ್ಯ ಬಹುಪಾಲು ವಿಸ್ತರಿಸಿತ್ತು. ಖಜಾನೆ ತುಂಬಿತ್ತು. ಅವರ ನಂತರ ಪಟ್ಟಕ್ಕೆ ಬಂದ ಮಗ ಕಂಠೀರವರಾಜ ಒಡೆಯರಿಗೆ ಮಾತು ಬರುತ್ತಿರಲಿಲ್ಲ, ಕಿವಿಯೂ ಕೇಳುತ್ತಿರಲಿಲ್ಲ. ಜನ ಅವರನ್ನು ಮೂಕರಸು ಎಂದೇ ಕರೆದರು. ಒಬ್ಬ ಅರಸನ ಗದರಿಕೆಯಿಂದ ಮಾತ್ರ ನಡೆಯುವ ರಾಜ್ಯವಾಗಿದ್ದರೆ ಅಂಥ ಹೊತ್ತಿನಲ್ಲಿ ಅದು ಚೂರಾಗಬೇಕಿತ್ತು. ಹಾಗಾಗಲಿಲ್ಲ. 1714ರವರೆಗೆ ಮೂಕರಸು ಸಿಂಹಾಸನದಲ್ಲಿದ್ದರು. ಕಂದಾಯ ಬರುತ್ತಿತ್ತು, ಅಂಚೆ ಓಡುತ್ತಿತ್ತು, ದಂಡಿನ ಸಂಬಳದ ಲೆಕ್ಕ ನಡೆಯುತ್ತಿತ್ತು.

ವ್ಯವಸ್ಥೆ ವ್ಯಕ್ತಿಯನ್ನು ಮೀರಿ ಬಾಳಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆದರೆ ಅದರ ಮತ್ತೊಂದು ಮುಖವೂ ಶೀಘ್ರದಲ್ಲಿಯೇ ಕಂಡಿತು. ಯಂತ್ರ ಚೆನ್ನಾಗಿ ಓಡುತ್ತಿದ್ದರೆ ಅದರ ಹಿಡಿ ಯಾರ ಕೈಯಲ್ಲಿದ್ದರೂ ಓಡುತ್ತದೆ. ಮುಂದಿನ ದಶಕಗಳಲ್ಲಿ ನಂಜನಗೂಡಿನ ಸಮೀಪದ ಕಳಲೆಯ ಮನೆತನದ ದಳವಾಯಿಗಳು ಅಧಿಕಾರವನ್ನು ತಮ್ಮದಾಗಿಸಿಕೊಂಡರು. ಅರಸರು ಹೆಸರಿಗೆ ಮಾತ್ರ ಉಳಿದರು. 1761ರ ಹೊತ್ತಿಗೆ ಅದೇ ಹಿಡಿ ಹೈದರಾಲಿಯ ಕೈ ಸೇರಿತು. ತೆರಿಗೆ ವಸೂಲಿಯ ಯಂತ್ರಕ್ಕೆ ಒಡೆಯ ಯಾರೆಂಬುದು ಮುಖ್ಯವಾಗಿರಲಿಲ್ಲ.

ಆ ಚಾವಡಿಗಳ ಕುರುಹುಗಳು ದೀರ್ಘಕಾಲ ಉಳಿದವು. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಕಮಿಷನರ್‌ಗಳ ಆಡಳಿತದಲ್ಲಿಯೂ ಅಂಚೆ, ಕಂದಾಚಾರ, ಅಮೃತಮಹಲ್ ಎಂಬ ಇಲಾಖೆಗಳಿದ್ದವು. ಮೈಸೂರಿನ ಅಂಚೆ ವ್ಯವಸ್ಥೆಯು 1889ರಲ್ಲಿ ಭಾರತದ ಅಂಚೆಯೊಡನೆ ವಿಲೀನವಾಗುವವರೆಗೂ ಸ್ವತಂತ್ರವಾಗಿ ನಡೆಯಿತು. ಪತ್ರ ಸಾಗಿಸುವ ಇಲಾಖೆಯನ್ನು ಕನ್ನಡಿಗರು ಇಂದಿಗೂ ಅಂಚೆ ಎಂದೇ ಕರೆಯುತ್ತಾರೆ.

ಕರ್ನಾಟಕ ಸರ್ಕಾರ 2011ರಲ್ಲಿ ನಾಗರಿಕ ಸೇವೆಗಳ ಖಾತರಿ ಕಾಯ್ದೆಯನ್ನು ರೂಪಿಸಿ, ಮರುವರ್ಷ ‘ಸಕಾಲ’ ಎಂಬ ಹೆಸರಿನಲ್ಲಿ ರಾಜ್ಯದಾದ್ಯಂತ ಜಾರಿಗೆ ತಂದಿತು. ಅರ್ಜಿಗೆ ಸಂಖ್ಯೆ, ಕೆಲಸಕ್ಕೆ ಗಡುವು, ತಡವಾದರೆ ಮೇಲ್ಮನವಿ ಎಂಬ ಅದರ ಕ್ರಮವನ್ನು ನೋಡಿದಾಗ ನಿರೂಪದ ಚಾವಡಿ ನೆನಪಾಗುವುದು ಸಹಜ. ವ್ಯತ್ಯಾಸವಿರುವುದು ದಿಕ್ಕಿನಲ್ಲಿ. ಚಿಕ್ಕದೇವರಾಜರ ಕಾಲದಲ್ಲಿ ಗಡುವು ಇದ್ದದ್ದು ತೆರಿಗೆ ಕಟ್ಟುವ ರೈತನಿಗೆ. ಇಂದು ಗಡುವು ಇರುವುದು ಅರ್ಜಿ ಪಡೆದ ಅಧಿಕಾರಿಗೆ. ಈ ದಿಕ್ಕು ಬದಲಾಗಲು ಮುನ್ನೂರು ವರ್ಷಗಳು ಹಿಡಿದವು.

ತಲಕಾಡಿನ ಮರಳು ಶಾಪದಿಂದ ಬಂದಿತೆಂದು ನಂಬುವವರಿದ್ದಾರೆ, ಗಾಳಿಯಿಂದ ಬಂದಿತೆನ್ನುವವರೂ ಇದ್ದಾರೆ. ನಂಜನಗೂಡಿನ ಕಥೆಯಲ್ಲಿ ಮಾತ್ರ ಶಾಪಕ್ಕಾಗಲಿ ಗಾಳಿಗಾಗಲಿ ಕೆಲಸವಿಲ್ಲ. ಅಲ್ಲಿ ಲೆಕ್ಕ ಸರಿಯಿತ್ತು, ಅಳತೆ ಸರಿಯಿತ್ತು, ವಸೂಲಿಯೂ ಸಮಯಕ್ಕೆ ಸರಿಯಾಗಿತ್ತು. ಕೊರತೆಯಿದ್ದದ್ದು ಬರ ಬಿದ್ದ ವರ್ಷ ರೈತನು ಹೋಗಿ ನಿಂತರೆ ಅವನ ಮಾತನ್ನು ಬರೆದುಕೊಳ್ಳುವ ಒಂದು ಚಾವಡಿಯದ್ದು.